ಮೊದಲಕ್ಷರ ಹಿಡಿದು ಇಂಗ್ಲಿಷ್ ಪದ ಕಲಿಸುವ ಕಾರ್ಡುಗಳು: ಮೂರು ತಿಂಗಳು ಬಳಸಿದ ಮೇಲೆ

ಮಗಳು ಒಂಬತ್ತನೇ ಕ್ಲಾಸು, ಕನ್ನಡ ಮೀಡಿಯಂ. ಇಂಗ್ಲಿಷ್ ಪದಗಳನ್ನು ಬಾಯಿಪಾಠ ಮಾಡುತ್ತಾಳೆ, ವಾರ ಕಳೆಯುವುದರೊಳಗೆ ಮರೆಯುತ್ತಾಳೆ. ಅದಕ್ಕೇ ಬೆಂಗಳೂರಿನ ಅವೆನ್ಯೂ ರಸ್ತೆಗೆ ಹೋದಾಗ ಈ ಡಬ್ಬಿ ತಂದೆ. 350 ರೂಪಾಯಿ, 200 ಕಾರ್ಡು. ಒಂದೇ ಅಕ್ಷರಗಳಿಂದ ಶುರುವಾಗುವ ಪದಗಳನ್ನು ಒಂದೊಂದು ಕಟ್ಟು ಮಾಡಿ, ಹಿಂದುಗಡೆ ಉಚ್ಚಾರಣೆ, ಅರ್ಥ ಎರಡನ್ನೂ ಕನ್ನಡದಲ್ಲಿ ಕೊಟ್ಟಿದ್ದಾರೆ.

'ಬೆನೆ' ಕಟ್ಟು ಬಹಳ ಚೆನ್ನಾಗಿದೆ. ಲ್ಯಾಟಿನ್ನಿನಲ್ಲಿ ಬೆನೆ ಅಂದರೆ ಒಳ್ಳೆಯದಾಗಿ. ಅದೊಂದು ತಲೆಯಲ್ಲಿ ಕೂತರೆ ಬೆನಿಫಿಟ್ (ಲಾಭ), ಬೆನೆವೊಲೆಂಟ್ (ಒಳ್ಳೆಯದು ಬಯಸುವ), ಬೆನಿಫ್ಯಾಕ್ಟರ್ (ಉಪಕಾರ ಮಾಡಿದವರು) ಮೂರೂ ತಾವಾಗಿಯೇ ಅರ್ಥವಾಗುತ್ತವೆ. 'ಮಲ್' ಅಂದರೆ ಕೆಟ್ಟದ್ದು. ಆ ಕಟ್ಟಿನ ಮಲೇರಿಯಾ ಕಾರ್ಡು ನನಗೆ ಎಲ್ಲಕ್ಕಿಂತ ಇಷ್ಟವಾಯಿತು. ಇಟಾಲಿಯನ್ನಿನ 'ಮಾಲಾ ಆರಿಯಾ', ಕೆಟ್ಟ ಗಾಳಿ. ಜೌಗು ನೆಲದ ಗಾಳಿಯಿಂದಲೇ ಜ್ವರ ಬರುತ್ತದೆ ಅಂತ ಹಿಂದೆ ನಂಬಿದ್ದರು, 1897ರಲ್ಲಿ ರೊನಾಲ್ಡ್ ರಾಸ್ ಎಂಬ ಬ್ರಿಟಿಷ್ ವೈದ್ಯ ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯೊಳಗೆ ಆ ರೋಗಾಣುವನ್ನು ಕಂಡ ಮೇಲೂ ಹೆಸರು ಮಾತ್ರ ಹಾಗೇ ಉಳಿಯಿತು. ಮಗಳು ಇದನ್ನು ಅಜ್ಜಿಗೂ ಓಡಿಹೋಗಿ ಹೇಳಿದಳು.

ತೊಂದರೆ ಇರುವುದೂ ಅದೇ ಕಟ್ಟಿನಲ್ಲಿ. ಮ್ಯಾಲೆಟ್, ಅಂದರೆ ಕೊಡತಿ, ಅದನ್ನೂ ಇಲ್ಲೇ ತುರುಕಿದ್ದಾರೆ. "ಕೊಡತೀಲಿ ಕೆಟ್ಟದ್ದು ಏನಿದೆಯಮ್ಮಾ?" ಅಂದಳು. ಸರಿಯಾದ ಪ್ರಶ್ನೆ ಅಲ್ವಾ? ಆ ಪದದ ಮೂಲವೇ ಬೇರೆ. ಲ್ಯಾಟಿನ್ನಿನಲ್ಲಿ ಮಾಲಿಯಸ್ ಅಂದರೆ ಸುತ್ತಿಗೆ, ಬಡಿದು ತಗಡು ಮಾಡಬಹುದಾದ ಲೋಹಕ್ಕೆ ಮ್ಯಾಲಿಯಬಲ್ ಅನ್ನುವುದೂ ಅಲ್ಲಿಂದಲೇ. ನಮ್ಮಲ್ಲೂ ಹೀಗೇ. ಅಪಮಾನ, ಅಪಜಯ ಇವೆ ಅಂತ ಅಪಾರವನ್ನೂ ಅದೇ ಸಾಲಿಗೆ ಸೇರಿಸಲು ಆಗುತ್ತದಾ? ಅದು ಅ-ಪಾರ, ದಡವೇ ಇಲ್ಲದ್ದು.

'ಆಂಟಿ' ಕಟ್ಟು ನೋಡಿ ನಿಜವಾಗಲೂ ಬೇಜಾರಾಯಿತು. ಇಂಗ್ಲಿಷಿನಲ್ಲಿ ಅದರ ಕೊನೆಗೆ 'ಇ' ಅಕ್ಷರ (ante) ಬಂದರೆ ಮುಂಚೆ, 'ಐ' (anti) ಬಂದರೆ ವಿರುದ್ಧ. ಇಷ್ಟು ದೊಡ್ಡ ವ್ಯತ್ಯಾಸ ಇರುವಾಗ ಎರಡನ್ನೂ ಕನ್ನಡದಲ್ಲಿ 'ಆಂಟಿ' ಅಂತಲೇ ಅಚ್ಚು ಹಾಕಿ, ಮೇಲೆ 'ವಿರುದ್ಧ' ಅಂತ ಒಂದೇ ಅರ್ಥ ಬರೆದುಬಿಟ್ಟಿದ್ದಾರೆ. ನನ್ನ ತಂಗಿ ಬಸುರಿ. ಅವಳ ಆಸ್ಪತ್ರೆ ಚೀಟಿಯಲ್ಲಿ ಆಂಟಿನೇಟಲ್ ಅಂತ ಇತ್ತು, ಹೆರಿಗೆಗೆ ಮುಂಚಿನ ತಪಾಸಣೆ ಅಂತ. ಮಗಳು ಕಾರ್ಡು ನಂಬಿ ಅದನ್ನು ಹೆರಿಗೆಗೆ ವಿರುದ್ಧ ಅಂತ ಓದಿಕೊಂಡು, ಚಿಕ್ಕಮ್ಮನಿಗೆ ಏನೋ ಆಗಿದೆ ಅಂತ ಹೆದರಿ ಕಣ್ಣಲ್ಲಿ ನೀರು ತುಂಬಿಕೊಂಡು ಬಂದಳು.

ಕಾರ್ಡು ಗಟ್ಟಿಯಾಗಿದೆ, ಅಕ್ಷರ ದಪ್ಪ. ಡಬ್ಬಿ ಮುಚ್ಚಳ ಎರಡೇ ವಾರಕ್ಕೆ ಹರಿಯಿತು.

ಐದಕ್ಕೆ ಮೂರು ಕೊಡುತ್ತೇನೆ. ತಗೊಳ್ಳಿ, ಆದರೆ ಸುಮ್ನೆ ಮಕ್ಕಳ ಕೈಗೆ ಕೊಟ್ಟು ಬಿಡಬೇಡಿ, ಜೊತೆಗೆ ಕೂತು ಡಿಕ್ಷನರಿ ತೆಗೆಯಿರಿ. ನಾವು ಎರಡು ಭಾನುವಾರ ಕೂತು ತಪ್ಪು ಕಟ್ಟಿನಲ್ಲಿದ್ದ 17 ಕಾರ್ಡು ಬೇರೆ ಮಾಡಿದೆವು. ಮ್ಯಾಲೆಟ್, ಮ್ಯಾಲಿಯಬಲ್ ಈಗ ಒಂದೇ ರಬ್ಬರ್ ಬ್ಯಾಂಡಿನಲ್ಲಿವೆ.