ಸ್ಪೀಡ್ ಗನ್: ಅಭ್ಯಾಸಕ್ಕೆ ಬೇಕು, ಆಯ್ಕೆಗೆ ಬೇಡ

ಹುಬ್ಬಳ್ಳಿಯಲ್ಲಿ ಸಂಜೆ ಹೊತ್ತು ಶಾಲೆ ಹುಡುಗರಿಗೆ ಬೌಲಿಂಗ್ ಹೇಳಿಕೊಡುತ್ತೇನೆ. ಕಳೆದ ಬೇಸಿಗೆಯಲ್ಲಿ ಚೆಂಡಿನ ವೇಗ ಅಳೆಯುವ, ಕೈಯಲ್ಲಿ ಹಿಡಿಯುವ ರಾಡಾರ್ ಸ್ಪೀಡ್ ಗನ್ ತರಿಸಿದೆ. ಬೇಸ್‌ಬಾಲ್‌ಗೆಂದು ಮಾಡಿದ್ದು, ನಮ್ಮ ಲೆದರ್ ಬಾಲಿಗೂ ನಡೆಯುತ್ತದೆ. ಒಂದು ಒಳ್ಳೆ ಬ್ಯಾಟಿನಷ್ಟು ದುಡ್ಡು ಹೋಗುತ್ತದೆ. ಧಾರವಾಡ, ಗದಗ ಕಡೆಯ ಕೋಚ್‌ಗಳೂ ಕೇಳುತ್ತಿದ್ದಾರೆ, ಅದಕ್ಕೇ ಬರೆಯುತ್ತಿದ್ದೇನೆ.

ಯಂತ್ರ ಚೆನ್ನಾಗಿದೆ. ಆದರೆ ನಿಲ್ಲುವ ಜಾಗ ಬಹಳ ಮುಖ್ಯ. ಕೀಪರ್ ಹಿಂದೆ, ನೆಟ್ಟಿನ ಆಚೆ, ಚೆಂಡು ಬರುವ ನೇರಕ್ಕೇ ನಿಲ್ಲಬೇಕು. ಪಕ್ಕಕ್ಕೆ ಸರಿದು 20 ಡಿಗ್ರಿ ಓರೆಯಲ್ಲಿ ಹಿಡಿದರೆ ವೇಗ ಶೇಕಡಾ 6ರಷ್ಟು ಕಡಿಮೆ ತೋರಿಸುತ್ತದೆ. ಗಂಟೆಗೆ 120 ಕಿ.ಮೀ. ವೇಗದಲ್ಲಿ ಹಾಕಿದ ಹುಡುಗನಿಗೆ 113 ಬರುತ್ತದೆ. ಪಾಪ, ಅವನದೇನು ತಪ್ಪು? ಇನ್ನೊಂದು ವಿಷಯ, ಚೆಂಡು ಕೈ ಬಿಟ್ಟಾಗ ಇದ್ದ ವೇಗ ಬ್ಯಾಟಿನ ಹತ್ತಿರ ಬರುವಷ್ಟರಲ್ಲಿ ಇರುವುದಿಲ್ಲ. ಗನ್ ಯಾವ ಜಾಗದಲ್ಲಿ ವೇಗ ಹಿಡಿಯಿತು ಅನ್ನುವುದರ ಮೇಲೆ ಅಂಕಿ ಬದಲಾಗುತ್ತದೆ, ಹಾಗಾಗಿ ಬೇರೆ ಬೇರೆ ಗನ್ನುಗಳ ಅಂಕಿ ಹೋಲಿಸಬೇಡಿ.

ಒಬ್ಬನೇ ಹುಡುಗನ ಅಂಕಿಗಳನ್ನು ವಾರವಾರ ಬರೆದಿಟ್ಟರೆ ಮಾತ್ರ ಇದು ಬಂಗಾರ. ಸ್ಪೆಲ್ ಕೊನೆಗೆ ವೇಗ ಬಿದ್ದರೆ ದಣಿದಿದ್ದಾನೆ ಅಂತ ತಿಳಿದು ನಿಲ್ಲಿಸಬಹುದು. ಅವನ ಸ್ಲೋ ಬಾಲ್ ನಿಜವಾಗಿಯೂ ಸ್ಲೋ ಆಗಿದೆಯಾ ಅನ್ನುವುದೂ ಗೊತ್ತಾಗುತ್ತದೆ.

ನನ್ನ ತಕರಾರು ಆಯ್ಕೆಯ ಬಗ್ಗೆ. ಈಚೆಗೆ ಒಂದು ಶಿಬಿರದಲ್ಲಿ ಒಬ್ಬೊಬ್ಬರಿಗೆ ನಾಲ್ಕಾರು ಚೆಂಡು ಕೊಟ್ಟು, ಗನ್ ನೋಡಿ ಹೆಸರು ಬರೆದುಕೊಂಡರು. ನಮ್ಮ ಹುಡುಗನೊಬ್ಬ ಔಟ್‌ಸ್ವಿಂಗರ್‌ಗಳನ್ನು ಆಫ್ ಸ್ಟಂಪ್ ಮೇಲೇ ಹಾಕಿದ. ಯಾರೂ ಗಮನಿಸಲಿಲ್ಲ. ಆಮೇಲೆ ನನ್ನ ಹತ್ತಿರ ಬಂದು, "ಎಷ್ಟ್ ಬಂತ್ರಿ ಸರ್?" ಅಂತಷ್ಟೇ ಕೇಳಿದ. ಹೊಟ್ಟೆ ಉರಿಯಿತು.

ಅಮೆರಿಕದ ಬೇಸ್‌ಬಾಲ್ ಸ್ಕೌಟ್‌ಗಳು, ಅಂದರೆ ಹೊಸ ಆಟಗಾರರನ್ನು ಹುಡುಕುವವರು, ಈ ಗನ್ನನ್ನು 1970ರ ದಶಕದಿಂದ ಹಿಡಿದುಕೊಂಡು ತಿರುಗುತ್ತಿದ್ದಾರೆ. ಅದಕ್ಕೂ ಮುಂಚೆ ಅಲ್ಲಿ ಸ್ಟೀವ್ ಡಾಲ್ಕೋವ್ಸ್ಕಿ ಅಂತ ಒಬ್ಬ ಪಿಚರ್ (ನಮ್ಮ ಬೌಲರ್ ಇದ್ದಂತೆ) ಇದ್ದ. ಅವನಷ್ಟು ವೇಗ ಬೇರೆ ಯಾರದ್ದೂ ಇಲ್ಲ ಅಂತ ನೋಡಿದವರು ಹೇಳುತ್ತಿದ್ದರು. 1960ರಲ್ಲಿ ಕೆಳಗಿನ ಲೀಗಿನಲ್ಲಿ 262 ಜನರನ್ನು ಸ್ಟ್ರೈಕ್‌ಔಟ್ (ಮೂರು ಸ್ಟ್ರೈಕ್‌ಗೆ ಔಟ್) ಮಾಡಿದ, ಅಷ್ಟೇ 262 ಜನರಿಗೆ ವಾಕ್ ಕೊಟ್ಟ. ವಾಕ್ ಅಂದರೆ ನಾಲ್ಕು ಚೆಂಡು ಗುರಿ ತಪ್ಪಿ ಬ್ಯಾಟರ್ ಪುಕ್ಕಟೆ ಮೊದಲ ಬೇಸ್‌ಗೆ ಹೋಗುವುದು. ಅವನು ಅಲ್ಲಿನ ಅತಿ ದೊಡ್ಡ ಮಟ್ಟವಾದ ಮೇಜರ್ ಲೀಗ್ ತಲುಪಲೇ ಇಲ್ಲ. ಇತ್ತ ಇನ್ನೊಬ್ಬ ಪಿಚರ್ ಗ್ರೆಗ್ ಮ್ಯಾಡಕ್ಸ್ ದೊಡ್ಡ ವೇಗದವರಲ್ಲ. ಆದರೂ 1992ರಿಂದ 1995ರವರೆಗೆ ವರ್ಷದ ಅತ್ಯುತ್ತಮ ಪಿಚರ್‌ಗೆ ಕೊಡುವ ಸೈ ಯಂಗ್ ಪ್ರಶಸ್ತಿ ಸತತ ನಾಲ್ಕು ಸಲ, ಒಟ್ಟು 355 ಗೆಲುವು. 1997ರಲ್ಲಿ 232 ಇನಿಂಗ್ಸ್ (ಬೇಸ್‌ಬಾಲ್ ಪಂದ್ಯಕ್ಕೆ ಒಂಬತ್ತು ಇನಿಂಗ್ಸ್) ದಾಟಿ ಆಡಿದರೂ ಕೊಟ್ಟ ವಾಕ್ ಬರೀ 20!

ನಮ್ಮಲ್ಲೇ ನೋಡಿ. ದಾವಣಗೆರೆಯ ವಿನಯ್ ಕುಮಾರ್ ಸ್ವಿಂಗ್ ಮತ್ತು ಲೈನ್ ನಂಬಿಕೊಂಡು ಪ್ರಥಮ ದರ್ಜೆಯಲ್ಲಿ 504 ವಿಕೆಟ್ ತೆಗೆದರು. ಗದಗಿನ ಸ್ಪಿನ್ನರ್ ಸುನೀಲ್ ಜೋಶಿ 1999ರಲ್ಲಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕಾ ವಿರುದ್ಧ 10 ಓವರಿಗೆ ಕೊಟ್ಟದ್ದು 6 ರನ್, ತೆಗೆದದ್ದು 5 ವಿಕೆಟ್. ಸ್ಪಿನ್ನರ್ ಬೇರೆ ಲೆಕ್ಕ, ನಿಜ. ಆದರೆ ಚೆಂಡನ್ನು ಬೇಕಾದ ಜಾಗದಲ್ಲಿ ಬೀಳಿಸುವ ವಿದ್ಯೆ ಒಂದೇ ಅಲ್ವಾ?

ವೇಗಕ್ಕೆ ಬೆಲೆ ಇಲ್ಲ ಅನ್ನುತ್ತಿಲ್ಲ. ವೇಗ ಜಾಸ್ತಿ ಆದಷ್ಟೂ ಬ್ಯಾಟರ್‌ಗೆ ಯೋಚಿಸಲು ಸಮಯ ಸಿಗಲ್ಲ. ಬೇಸ್‌ಬಾಲಿನಲ್ಲಿ ಗಂಟೆಗೆ 95 ಮೈಲಿ ವೇಗದ ಚೆಂಡು ಅರ್ಧ ಸೆಕೆಂಡಿಗೂ ಮುಂಚೆ ಬಂದುಬಿಡುತ್ತದೆ. ವೇಗ ಕಲಿಸುವುದು ಕಷ್ಟ, ಗುರಿ ಆಮೇಲೆ ಕಲಿಸಿದರಾಯಿತು ಅನ್ನುವ ವಾದವನ್ನೂ ಕೇಳಿದ್ದೇನೆ. ಅದು ದೊಡ್ಡವರ ಮಟ್ಟಿಗೆ ಸ್ವಲ್ಪ ಒಪ್ಪುವ ಮಾತು. 14ರ ಹುಡುಗರಲ್ಲಿ ನನಗೆ ಕಾಣುವುದೇ ಬೇರೆ. ಬೇಗ ಎತ್ತರ ಬೆಳೆದವನಿಗೆ ದೊಡ್ಡ ಅಂಕಿ ಬರುತ್ತದೆ. ಎರಡು ವರ್ಷ ಬಿಟ್ಟು ಉಳಿದವರೂ ಬೆಳೆಯುತ್ತಾರೆ, ಆದರೆ ಅಷ್ಟರಲ್ಲಿ ಅವರ ಹೆಸರು ಪಟ್ಟಿಯಿಂದ ಹೋಗಿರುತ್ತದೆ.

ಗನ್ ಕೊಳ್ಳುವವರು ಗುಡ್ ಲೆಂಗ್ತಿನಲ್ಲಿ ಒಂದು ಶೀಟ್ ಹಾಸಿ, ಎಷ್ಟು ಚೆಂಡು ಅದರ ಮೇಲೆ ಬಿತ್ತು ಅನ್ನುವುದನ್ನೂ ವೇಗದ ಪಕ್ಕದಲ್ಲೇ ಬರೆಯಿರಿ. ಸ್ಕ್ರೀನ್ ಹುಡುಗರಿಗೆ ಕಾಣದಂತೆ ಹಿಡಿಯಿರಿ. ಅಂಕಿ ಕಂಡರೆ ಸುಮ್ನೆ ಮೈಮುರಿದು ಹಾಕುತ್ತಾರೆ. ಬೆಳೆಯುವ ವಯಸ್ಸಿನ ವೇಗದ ಬೌಲರ್‌ಗಳಿಗೆ ಕೆಳಬೆನ್ನಿನ ಮೂಳೆ ಬಿರುಕು ಬಿಡುವ ಅಪಾಯ ಇದ್ದೇ ಇದೆ.