ರಾತ್ರಿ ಕಾಲು ಸೆಳೆತಕ್ಕೆ ಇಳಿಜಾರು ಹಲಗೆ: ಏಳು ತಿಂಗಳು ಬಳಸಿದ ನಂತರ

ಮಲಗುವ ಮುನ್ನ ಕಾಲಿನ ಮೀನಖಂಡವನ್ನು ಹಿಗ್ಗಿಸಲು ಬಳಸುವ ಮರದ ಇಳಿಜಾರು ಹಲಗೆಯೊಂದನ್ನು ಏಳು ತಿಂಗಳ ಹಿಂದೆ 1,650 ರೂಪಾಯಿ ಕೊಟ್ಟು ಆನ್‌ಲೈನ್‌ನಲ್ಲಿ ತರಿಸಿಕೊಂಡೆ. ಫಿಸಿಯೋಥೆರಪಿ ಸಾಮಗ್ರಿ ಮಾರುವವರು ಇದನ್ನು ಸ್ಲ್ಯಾಂಟ್ ಬೋರ್ಡ್ ಎಂದು ಕರೆಯುತ್ತಾರೆ. ರಾತ್ರಿ ಕಾಲು ಹಿಡಿದುಕೊಂಡು ನಿದ್ದೆಗೆಡುವ ಪರಿಚಿತರು ಹಲವರು ಇದನ್ನು ಕೊಳ್ಳಬೇಕೇ ಬೇಡವೇ ಎಂದು ಕೇಳುತ್ತಿರುವುದರಿಂದ ನನ್ನ ಅನುಭವವನ್ನು ವಿವರವಾಗಿ ಬರೆಯುತ್ತಿದ್ದೇನೆ. ಅಭಿಪ್ರಾಯವನ್ನು ಮೊದಲೇ ಹೇಳಿಬಿಡುವುದಾದರೆ, ಹಲಗೆ ಉಪಯುಕ್ತವಾಗಿದೆ, ಅನಿವಾರ್ಯವೇನೂ ಅಲ್ಲ. ಅನಿವಾರ್ಯವಾದದ್ದು ದಿನವೂ ತಪ್ಪದೆ ಮಾಡುವ ಕೆಲವೇ ನಿಮಿಷಗಳ ವ್ಯಾಯಾಮ.

ನನಗೆ ಈಗ 62 ವರ್ಷ. ಶಿವಮೊಗ್ಗ ಜಿಲ್ಲೆಯ ಪ್ರೌಢಶಾಲೆಗಳಲ್ಲಿ 31 ವರ್ಷ ನಿಂತು ಪಾಠ ಮಾಡಿದವಳು. ನಿವೃತ್ತಿಯಾದ ಎರಡನೆಯ ವರ್ಷ ಈ ತೊಂದರೆ ಶುರುವಾಯಿತು. ರಾತ್ರಿ ಎರಡೂವರೆ ಮೂರರ ಸುಮಾರಿಗೆ ನಿದ್ದೆಯಲ್ಲೇ ಕಾಲು ಚಾಚಿದಾಗ ಬಲಗಾಲಿನ ಮೀನಖಂಡ ಒಮ್ಮೆಲೇ ಗಂಟು ಕಟ್ಟುತ್ತಿತ್ತು. ಕೈಯಿಟ್ಟು ನೋಡಿದರೆ ಚರ್ಮದ ಕೆಳಗೆ ತೆಂಗಿನ ಚಿಪ್ಪು ಇಟ್ಟಂತೆ ಗಟ್ಟಿಯಾಗಿರುತ್ತಿತ್ತು. ಪಾದ ತಾನಾಗಿಯೇ ಕೆಳಕ್ಕೆ ಬಾಗಿ, ಬೆರಳುಗಳು ಒಂದರ ಮೇಲೊಂದು ಸೆಟೆದು ನಿಲ್ಲುತ್ತಿದ್ದವು. ಎರಡು ಮೂರು ನಿಮಿಷಗಳಲ್ಲಿ ಸೆಳೆತ ಬಿಟ್ಟರೂ ಮರುದಿನ ಸಂಜೆಯವರೆಗೆ ಮೆಟ್ಟಿಲು ಇಳಿಯುವಾಗ ಆ ಜಾಗ ಪೆಟ್ಟು ಬಿದ್ದಂತೆ ನೋಯುತ್ತಿತ್ತು. ನಮ್ಮ ಯಜಮಾನರು ಪಾಪ, ಪ್ರತಿ ಸಲವೂ ಎದ್ದು ಎಣ್ಣೆ ಹಚ್ಚಿ ತಿಕ್ಕುತ್ತಿದ್ದರು. ತಿಕ್ಕುವುದಕ್ಕಿಂತ ಮೊದಲು ಮಂಡಿಯನ್ನು ನೇರ ಮಾಡಿ, ಪಾದದ ಬೆರಳುಗಳನ್ನು ಮೊಣಕಾಲಿನ ಕಡೆಗೆ ಎಳೆದು ಹಿಡಿಯಬೇಕು ಎಂಬುದು ಆಗ ನಮ್ಮಿಬ್ಬರಿಗೂ ತಿಳಿದಿರಲಿಲ್ಲ.

ಹಲಗೆಗೆ ಮೊದಲು ನಾನು ದುಡ್ಡು ಸುರಿದ ವಸ್ತುಗಳ ಬಗ್ಗೆಯೂ ಹೇಳಬೇಕು, ಏಕೆಂದರೆ ಇದೇ ದಾರಿಯಲ್ಲಿ ಇನ್ನೂ ಎಷ್ಟೋ ಜನ ನಡೆಯುತ್ತಿದ್ದಾರೆ. ಮೆಡಿಕಲ್ ಶಾಪಿನವರ ಮಾತು ಕೇಳಿ ಮೆಗ್ನೀಸಿಯಂ ಮಾತ್ರೆಯನ್ನು ಮೂರು ತಿಂಗಳು ನುಂಗಿದೆ. ಹೊಟ್ಟೆ ಕೆಟ್ಟದ್ದು ಬಿಟ್ಟರೆ ಬೇರೆ ಬದಲಾವಣೆ ಕಾಣಲಿಲ್ಲ. ಸೆಳೆತದ ಬಗ್ಗೆ ನಡೆದ ಪ್ರಯೋಗಗಳನ್ನೆಲ್ಲ ಒಟ್ಟುಗೂಡಿಸಿ ಕಾಕ್ರೇನ್ ಸಂಸ್ಥೆ 2020ರಲ್ಲಿ ಪ್ರಕಟಿಸಿದ ಪರಿಶೀಲನೆಯೂ ವಯಸ್ಸಾದವರಿಗೆ ಮೆಗ್ನೀಸಿಯಂನಿಂದ ಹೇಳಿಕೊಳ್ಳುವಂಥ ಪ್ರಯೋಜನ ಸಿಗುವ ಸಂಭವ ಕಡಿಮೆ ಎಂದೇ ಹೇಳುತ್ತದೆ. ಹಿಂದೆ ಈ ತೊಂದರೆಗೆ ಕ್ವಿನೈನ್ ಕೊಡುತ್ತಿದ್ದರು. ಅದು ರಕ್ತಕಣಗಳ ಮೇಲೆ ಮತ್ತು ಹೃದಯದ ಬಡಿತದ ಮೇಲೆ ಗಂಭೀರ ಪರಿಣಾಮ ಬೀರಬಲ್ಲದು ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಹಲವು ಸಲ ಎಚ್ಚರಿಸಿದೆ. ಹಳೆಯ ಚೀಟಿ ಹಿಡಿದು ಯಾರೂ ಅದನ್ನು ಕೊಳ್ಳಬಾರದು. 2024ರಲ್ಲಿ ಪ್ರಕಟವಾದ, ಚೀನಾದಲ್ಲಿ 65 ದಾಟಿದ 199 ಜನರ ಮೇಲೆ ನಡೆದ ಪ್ರಯೋಗದಲ್ಲಿ ವಿಟಮಿನ್ ಕೆ2 ತೆಗೆದುಕೊಂಡವರಿಗೆ ಸೆಳೆತ ಕಡಿಮೆಯಾಯಿತು ಎಂಬುದು ಆಶಾದಾಯಕ ಸುದ್ದಿಯೇ. ಹಾಗೆಂದು ಒಂದೇ ಪ್ರಯೋಗ ನಂಬಿ ಮಾತ್ರೆ ತರುವುದು ಸರಿಯಲ್ಲ, ಅದರಲ್ಲೂ ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ವಿಟಮಿನ್ ಕೆ ಮುಟ್ಟಲೇಬಾರದು. ಬಾಳೆಹಣ್ಣು, ಎಳನೀರು ದೇಹಕ್ಕೆ ಒಳ್ಳೆಯವು. ನನ್ನ ಸೆಳೆತಕ್ಕೆ ಅವುಗಳಿಂದ ಏನೂ ಆಗಲಿಲ್ಲ. ಮೂತ್ರಪಿಂಡದ ತೊಂದರೆ ಇರುವವರಿಗೆ ಪೊಟ್ಯಾಸಿಯಂ ಹೆಚ್ಚಾಗುವುದೇ ಅಪಾಯವಾದ್ದರಿಂದ ಅಂಥವರು ಎಳನೀರನ್ನೂ ಕೇಳಿಯೇ ಕುಡಿಯಬೇಕು.

ವೈದ್ಯರ ಬಳಿ ಹೋದದ್ದು ಬಹಳ ತಡವಾಗಿ, ಅದು ನನ್ನ ತಪ್ಪು. ಅವರು ಮೊದಲು ಕೇಳಿದ್ದು ನಾನು ನುಂಗುವ ಮಾತ್ರೆಗಳ ಪಟ್ಟಿಯನ್ನು. ರಕ್ತದೊತ್ತಡಕ್ಕೆ ಕೊಡುವ, ಮೂತ್ರ ಹೆಚ್ಚು ಹೋಗುವಂತೆ ಮಾಡುವ ಕೆಲವು ಮಾತ್ರೆಗಳು, ಕೊಲೆಸ್ಟರಾಲ್‌ಗೆ ಕೊಡುವ ಸ್ಟ್ಯಾಟಿನ್‌ಗಳು, ಉಬ್ಬಸದವರು ಎಳೆದುಕೊಳ್ಳುವ ಕೆಲವು ಇನ್‌ಹೇಲರ್‌ಗಳು ಸೆಳೆತಕ್ಕೆ ಕಾರಣವಾಗಬಲ್ಲವಂತೆ. ನನ್ನ ರಕ್ತದೊತ್ತಡದ ಮಾತ್ರೆಯಲ್ಲಿ ಅಂಥ ಅಂಶವಿತ್ತು, ಒತ್ತಡ ಹತೋಟಿಯಲ್ಲಿದ್ದುದರಿಂದ ಅದನ್ನು ಬದಲಿಸದೆ ಮುಂದುವರಿಸಿದರು. ಸಕ್ಕರೆ, ಥೈರಾಯ್ಡ್, ಮೂತ್ರಪಿಂಡದ ರಕ್ತ ಪರೀಕ್ಷೆ ಮಾಡಿಸಿ, ಪಾದದ ಮೇಲೆ ಬೆರಳಿಟ್ಟು ನಾಡಿ ನೋಡಿದರು. ನಡೆಯುವಾಗ ಮೀನಖಂಡ ನೋಯತೊಡಗಿ, ನಿಂತ ಕೂಡಲೇ ನೋವು ಹೋಗುವುದಾದರೆ ಅದು ರಕ್ತನಾಳ ಕಿರಿದಾದ ಲಕ್ಷಣವಿರಬಹುದು. ಒಂದೇ ಕಾಲು ಊದಿಕೊಂಡು, ಕೆಂಪಾಗಿ, ಬಿಸಿಯಾಗಿದ್ದರೆ ಒಳಗಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿರಬಹುದು. ಇವೆರಡೂ ಹಲಗೆಯಿಂದ ವಾಸಿಯಾಗುವ ತೊಂದರೆಗಳಲ್ಲ. ಊದಿದ ಕಾಲಿಗೆ ಎಣ್ಣೆ ತಿಕ್ಕುತ್ತ ಮನೆಯಲ್ಲಿ ಕುಳಿತಿರಬಾರದು, ಅದೇ ದಿನ ಆಸ್ಪತ್ರೆಗೆ ಹೋಗಬೇಕು. ನನಗೆ ಇಂಥದ್ದೇನೂ ಇಲ್ಲವೆಂದು ಖಚಿತವಾದ ಮೇಲೆ ಅವರು ಔಷಧಿ ಬರೆಯದೆ ಫಿಸಿಯೋಥೆರಪಿಸ್ಟ್ ಹತ್ತಿರ ಕಳಿಸಿದರು.

ಆ ಹುಡುಗಿಗೆ ಇಪ್ಪತ್ತೆಂಟು ಇರಬಹುದು, ನನ್ನ ವಿದ್ಯಾರ್ಥಿನಿಯರ ವಯಸ್ಸಿನವಳು. ನಾವು ಮಲಗಿದಾಗ ಪಾದ ಕೆಳಮುಖವಾಗಿ ಬಾಗಿರುತ್ತದೆ, ಆಗ ಮೀನಖಂಡ ಮೊದಲೇ ಕುಗ್ಗಿರುತ್ತದೆ, ಕುಗ್ಗಿದ ಸ್ನಾಯು ಸ್ವಲ್ಪ ಬಿಗಿಗೊಂಡರೂ ಸೆಳೆತಕ್ಕೆ ಸಿಕ್ಕಿಬೀಳುತ್ತದೆ ಎಂದು ಅವಳು ಬಿಡಿಸಿ ಹೇಳಿದಳು. ಮಳೆಗಾಲದಲ್ಲಿ ನಾನು ಹೊದೆಯುವ ಕಂಬಳಿಯ ತುದಿಯನ್ನು ಹಾಸಿಗೆಯ ಅಡಿಗೆ ಸಿಕ್ಕಿಸಿ ಮಲಗುವ ಅಭ್ಯಾಸವಿತ್ತು. ಅದರ ಭಾರಕ್ಕೆ ಪಾದ ಇನ್ನಷ್ಟು ಬಾಗುತ್ತದೆಂದು ಅದನ್ನೂ ಬಿಡಿಸಿದಳು. ಆಮೇಲೆ ಗೋಡೆಗೆ ಅಂಗೈ ಒತ್ತಿ ನಿಲ್ಲಿಸಿ, ಒಂದು ಕಾಲನ್ನು ಹಿಂದಿಡಿಸಿ, ಮುಂದಕ್ಕೆ ವಾಲಲು ಹೇಳಿದಳು. "ಮೇಡಂ, ಹಿಮ್ಮಡಿ ನೆಲ ಬಿಡಬಾರದು, ಹಿಂದಿನ ಮಂಡಿ ಮಡಚಬಾರದು, ಈ ಎರಡು ಸರಿ ಇದ್ದರೆ ಸಾಕು," ಎಂದು ನನ್ನ ಹಿಮ್ಮಡಿಯನ್ನು ಬೆರಳಿನಿಂದ ಒತ್ತಿ ತೋರಿಸಿದಳು. ಹತ್ತು ಎಣಿಸುವವರೆಗೆ ಹಿಡಿದು, ಅಷ್ಟೇ ಹೊತ್ತು ಬಿಟ್ಟು, ಪ್ರತಿ ಕಾಲಿಗೆ ಮೂರು ಸಲ. ಇದು ಅವಳೇ ಕಟ್ಟಿದ ಪಾಠವಲ್ಲ. ನೆದರ್ಲೆಂಡ್ಸ್‌ನಲ್ಲಿ 55 ದಾಟಿದ 80 ಜನರ ಮೇಲೆ ನಡೆದು 2012ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಆರು ವಾರ ಮಲಗುವ ಮುನ್ನ ಮೀನಖಂಡವನ್ನೂ ತೊಡೆಯ ಹಿಂಭಾಗವನ್ನೂ ಹೀಗೆ ಹಿಗ್ಗಿಸಿದವರಿಗೆ ಸೆಳೆತದ ಸಂಖ್ಯೆಯೂ ನೋವೂ ತಗ್ಗಿದವು. ಬ್ರಿಟನ್ನಿನಲ್ಲಿ ಕ್ವಿನೈನ್ ಬಳಸುತ್ತಿದ್ದವರ ಮೇಲೆ ನಡೆದು 2005ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಮೀನಖಂಡದ ವ್ಯಾಯಾಮದಿಂದ ಪ್ರಯೋಜನ ಕಂಡಿರಲಿಲ್ಲ ಎಂಬುದನ್ನೂ ಹೇಳಬೇಕು. ಖರ್ಚಿಲ್ಲದ, ಹಾನಿ ಕಡಿಮೆಯಿರುವ ಉಪಾಯವಾದ್ದರಿಂದ ಮಾಡಿ ನೋಡುವುದೇ ಸರಿ ಎಂದು ನನಗನ್ನಿಸಿತು.

ಗೋಡೆಯ ವ್ಯಾಯಾಮ ಹತ್ತು ದಿನ ಚೆನ್ನಾಗಿ ನಡೆಯಿತು. ಆಮೇಲೆ ನನ್ನ ಎಡ ಭುಜದ ಹಳೆಯ ನೋವು ಕಾಡತೊಡಗಿ, ಗೋಡೆ ಒತ್ತಿ ನಿಲ್ಲುವುದು ಕಷ್ಟವಾಯಿತು. ಹಲಗೆ ಬಂದದ್ದು ಆ ಕಾರಣಕ್ಕೆ. ಎರಡು ಪಾದ ಒಟ್ಟಿಗೆ ಹಿಡಿಯುವಷ್ಟು ಅಗಲವಾದ ಪ್ಲೈವುಡ್ ಹಲಗೆ, ಅದರ ಹಿಂದೆ ಒಂದು ಮಡಚುವ ಆಸರೆ, ತಳದ ಚೌಕಟ್ಟಿನಲ್ಲಿ ನಾಲ್ಕು ಕಚ್ಚುಗಳು. ಆಸರೆಯನ್ನು ಯಾವ ಕಚ್ಚಿಗೆ ಸಿಕ್ಕಿಸುತ್ತೇವೋ ಅದರಂತೆ ಇಳಿಜಾರು ಹೆಚ್ಚು ಕಡಿಮೆಯಾಗುತ್ತದೆ. ಹಿಮ್ಮಡಿ ಕೆಳಗೆ, ಬೆರಳು ಮೇಲೆ ಬರುವಂತೆ ಸುಮ್ಮನೆ ನೆಟ್ಟಗೆ ನಿಂತರೆ ಸಾಕು, ಮೀನಖಂಡದ ಮೇಲ್ಭಾಗದಿಂದ ಹಿಮ್ಮಡಿಯವರೆಗೆ ಎಳೆತ ಸಮನಾಗಿ ಸಿಗುತ್ತದೆ. ಕೈಗೆ ಕೆಲಸವಿಲ್ಲ, ಭುಜಕ್ಕೆ ಭಾರವಿಲ್ಲ. ಎರಡೂ ಕಾಲುಗಳಿಗೆ ಒಮ್ಮೆಗೇ ಆಗುವುದರಿಂದ ಸಮಯವೂ ಅರ್ಧ ಉಳಿಯುತ್ತದೆ. ಮರದ ಕೆಲಸ ಅಚ್ಚುಕಟ್ಟಾಗಿದೆ, ಅಂಚುಗಳನ್ನು ಉಜ್ಜಿ ನಯ ಮಾಡಿದ್ದಾರೆ, ಏಳು ತಿಂಗಳಲ್ಲಿ ಎಲ್ಲಿಯೂ ಸೀಳಿಲ್ಲ. ಮಡಚಿದರೆ ಮಂಚದ ಕೆಳಗೆ ಹೋಗುತ್ತದೆ.

ದೋಷಗಳು ಸಣ್ಣವಲ್ಲ. ಹಲಗೆಯ ತಳಕ್ಕೆ ರಬ್ಬರ್ ಹಚ್ಚಿಲ್ಲ. ನಮ್ಮ ಮಲಗುವ ಕೋಣೆಯಲ್ಲಿ ನಯವಾದ ಟೈಲ್ಸ್ ಇದೆ, ಎರಡನೆಯ ರಾತ್ರಿ ನಾನು ಹತ್ತಿದ ಕೂಡಲೇ ಹಲಗೆ ಮುಂದಕ್ಕೆ ಜಾರಿತು. ಪಕ್ಕದಲ್ಲಿ ಕಿಟಕಿಯ ಸರಳು ಕೈಗೆ ಸಿಗದಿದ್ದರೆ ಬೆನ್ನ ಮೇಲೆ ಬೀಳುತ್ತಿದ್ದೆ. ಅರವತ್ತು ದಾಟಿದವರಿಗೆ ಮಾರುವ ವಸ್ತುವಿನಲ್ಲಿ ಇದು ಕ್ಷಮಿಸುವಂಥ ಕೊರತೆಯಲ್ಲ, ಏಕೆಂದರೆ ಸೆಳೆತ ತಪ್ಪಿಸಲು ಹೋಗಿ ಸೊಂಟದ ಮೂಳೆ ಮುರಿದುಕೊಂಡರೆ ಬದುಕೇ ಬದಲಾಗಿಬಿಡುತ್ತದೆ. ಪಾದವಿಡುವ ಜಾಗದಲ್ಲಿ ಅಂಟಿಸಿದ್ದ ಒರಟು ಹಾಳೆ ಎರಡು ತಿಂಗಳಲ್ಲಿ ಹಿಮ್ಮಡಿಯ ಭಾಗದಲ್ಲಿ ಎದ್ದು ಬಂತು. ಮಾರಾಟಗಾರರಿಗೆ ಚಿತ್ರ ಸಹಿತ ದೂರು ಬರೆದೆ. ಮೂರು ವಾರಗಳ ನಂತರ ಹೊಸ ಹಾಳೆ ಕಳಿಸಿದರು, ತಳದ ಬಗ್ಗೆ ಉತ್ತರವೇ ಬರಲಿಲ್ಲ. ಜೊತೆಗೆ ಬಂದ ಚೀಟಿ ಇಂಗ್ಲಿಷಿನಲ್ಲಿ ಮಾತ್ರ ಇದೆ, ಅದರಲ್ಲಿ ಮೊದಲ ದಿನದಿಂದಲೇ ಐದು ನಿಮಿಷ ನಿಲ್ಲಿ ಎಂದು ಬರೆದಿದ್ದಾರೆ. ಹಾಗೆ ನಿಂತದ್ದಕ್ಕೆ ಮರುದಿನ ಹಿಮ್ಮಡಿಯ ಹಿಂದಿನ ನರ ಹಿಡಿದು ಕುಂಟುವಂತಾಯಿತು. ಅತಿ ಕಡಿಮೆ ಇಳಿಜಾರಿನಲ್ಲಿ, ಹತ್ತು ಎಣಿಕೆಯಿಂದ ಶುರು ಮಾಡುವುದೇ ಸರಿಯಾದ ಕ್ರಮ ಎಂದು ಫಿಸಿಯೋಥೆರಪಿಸ್ಟ್ ತಿದ್ದಿದಳು. ನಾನು ಇಂದಿಗೂ ಎರಡನೆಯ ಕಚ್ಚಿಗಿಂತ ಮೇಲೆ ಹೋಗಿಲ್ಲ.

ಫಲಿತಾಂಶವನ್ನು ಅಂದಾಜಿನಲ್ಲಿ ಹೇಳುತ್ತಿಲ್ಲ. ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಸೆಳೆತ ಬಂದ ದಿನಕ್ಕೆ ಕೆಂಪು ಚುಕ್ಕೆ ಇಡುತ್ತ ಬಂದಿದ್ದೇನೆ. ವ್ಯಾಯಾಮಕ್ಕೆ ಮೊದಲಿನ ತಿಂಗಳಲ್ಲಿ 19 ಚುಕ್ಕೆಗಳಿದ್ದವು, ಎರಡನೆಯ ತಿಂಗಳಿಗೆ ಎಂಟಾದವು, ಕಳೆದ ತಿಂಗಳು ಎರಡು. ತೀರ್ಥಹಳ್ಳಿಗೆ ಮದುವೆಗೆಂದು ಹೋಗಿ ನಾಲ್ಕು ರಾತ್ರಿ ವ್ಯಾಯಾಮ ತಪ್ಪಿದಾಗ, ಮೂರನೆಯ ರಾತ್ರಿಯೇ ನೆಂಟರ ಮನೆಯಲ್ಲಿ ಚೀರಿಕೊಂಡು ಎದ್ದಿದ್ದೆ. ಸೆಳೆತ ಕೆಲವರಿಗೆ ತಾನಾಗಿಯೇ ಹೆಚ್ಚುತ್ತದೆ, ತಾನಾಗಿಯೇ ತಗ್ಗುತ್ತದೆ. ಆದ್ದರಿಂದ ನನ್ನ ಚುಕ್ಕೆಗಳನ್ನು ಒಬ್ಬಳ ಅನುಭವವೆಂದಷ್ಟೇ ಓದಿಕೊಳ್ಳಬೇಕು.

ಮಲಗುವ ಮುನ್ನ ಬಿಸಿನೀರಿನಲ್ಲಿ ಕಾಲು ತೊಳೆದು ಎಳ್ಳೆಣ್ಣೆ ಹಚ್ಚುವುದನ್ನು ನಾನು ಬಿಟ್ಟಿಲ್ಲ. ಚರಕ ಸಂಹಿತೆಯಲ್ಲಿ ಎಣಿಸಿರುವ 80 ವಾತ ವಿಕಾರಗಳಲ್ಲಿ ಪಿಂಡಿಕೋದ್ವೇಷ್ಟನ ಎಂಬ ಹೆಸರಿನಲ್ಲಿ ಈ ಮೀನಖಂಡದ ಸೆಳೆತವೂ ಇದೆ ಎಂದು ತಿಳಿದಾಗ, ಇಷ್ಟು ಹಳೆಯ ಕಾಲದವರೂ ನಡುರಾತ್ರಿ ಹೀಗೆಯೇ ಎದ್ದು ಕುಳಿತಿದ್ದರಲ್ಲ ಎಂದು ಮನಸ್ಸು ಕರಗಿತು. ಎಣ್ಣೆಯಿಂದ ಕಾಲು ಹಗುರಾಗಿ ನಿದ್ದೆ ಬೇಗ ಬರುತ್ತದೆ. ಒಂದೇ ಎಚ್ಚರಿಕೆ ಎಂದರೆ, ಎಣ್ಣೆ ಹಚ್ಚುವುದು ಹಲಗೆಯಿಂದ ಇಳಿದ ಮೇಲೆ ಆಗಬೇಕು. ಜಿಡ್ಡಿನ ಪಾದದಲ್ಲಿ ಇಳಿಜಾರು ಹತ್ತುವುದು ಅಪಾಯ.

ಗೋಡೆಗೆ ಕೈಯೂರಿ ನಿಲ್ಲಬಲ್ಲವರು ಮೊದಲು ಆರು ವಾರ ಗೋಡೆಯಲ್ಲೇ ಮಾಡಿ ನೋಡಲಿ, 1,650 ರೂಪಾಯಿ ಉಳಿಯುತ್ತದೆ. ಭುಜದ ಅಥವಾ ಮಣಿಕಟ್ಟಿನ ನೋವಿರುವವರಿಗೆ ಹಲಗೆ ನಿಜಕ್ಕೂ ಅನುಕೂಲ. ತಲೆಸುತ್ತು ಬರುವವರು, ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಕಳೆದುಕೊಂಡವರು ಇದನ್ನು ಒಬ್ಬರೇ ಹತ್ತಬಾರದು. ಅವರು ಹಾಸಿಗೆಯ ಮೇಲೆ ಕಾಲು ನೀಡಿ ಕುಳಿತು, ಪಾದಕ್ಕೆ ಟವೆಲ್ ಸುತ್ತಿ ತಮ್ಮ ಕಡೆಗೆ ಎಳೆದುಕೊಂಡರೂ ಅದೇ ಎಳೆತ ಸಿಗುತ್ತದೆ. ಕೊಳ್ಳುವುದಾದರೆ ತಳಕ್ಕೆ ರಬ್ಬರ್ ಇರುವುದನ್ನೇ ಕೇಳಿ ಕೊಳ್ಳಿ. ನನ್ನದಕ್ಕೆ ನಮ್ಮ ಬೀದಿಯ ಬಡಗಿ ಹಳೆಯ ಸ್ಕೂಟರ್ ಟ್ಯೂಬ್ ಕತ್ತರಿಸಿ ನಾಲ್ಕು ಮೂಲೆಗೂ ಮೊಳೆ ಹೊಡೆದುಕೊಟ್ಟ ಮೇಲೆ ಅದು ಒಂದು ದಿನವೂ ಜಾರಿಲ್ಲ.