ಗೈಗರ್ ಕೌಂಟರಿನ ಅಂಕೆ ಹಾರಾಡಿದಾಗ: ಹೊಸ ಟ್ಯೂಬೋ, ಬೇರೆ ಕರೆಂಟೋ, ಒಣಗಿಸುವುದೋ?

ಮನೆಯಲ್ಲಿರುವ, ವಿಕಿರಣವನ್ನು ಎಣಿಸುವ ಗೈಗರ್ ಕೌಂಟರು ಒಂದು ನಿಮಿಷದಲ್ಲಿ 18, ಮರುನಿಮಿಷದಲ್ಲಿ 26, ಅದರಾಚೆಗೆ 15 ಎಂದು ತೋರಿಸಿದರೆ ಅದು ಕೆಟ್ಟಿದೆ ಎಂದು ತೀರ್ಮಾನಿಸುವಂತಿಲ್ಲ. ವಿಕಿರಣದ ಕಣಗಳು ಬರುವುದೇ ಹೊತ್ತುಗೊತ್ತಿಲ್ಲದೆ. ಸರಾಸರಿ ಎಣಿಕೆಯ ವರ್ಗಮೂಲದಷ್ಟು ಏರಿಳಿತ ಅವುಗಳ ಸ್ವಭಾವದಲ್ಲೇ ಇದೆ. ಸರಾಸರಿ 20 ಆಗಿರುವಲ್ಲಿ ವರ್ಗಮೂಲ ಸುಮಾರು 4.5, ಆದುದರಿಂದ ನೂರರಲ್ಲಿ ತೊಂಬತ್ತೈದರಷ್ಟು ನಿಮಿಷಗಳು ಅದರ ಎರಡರಷ್ಟು ಮೇಲೆ ಕೆಳಗೆ, ಅಂದರೆ 11ರಿಂದ 29ರೊಳಗೆ ಎಲ್ಲಿ ಬಿದ್ದರೂ ಅದು ಸಹಜವೇ. ಆದರೆ ಅಂಕೆ ಒಮ್ಮೆಲೇ ನೂರು ದಾಟಿ, ಸ್ವಲ್ಪ ಹೊತ್ತು ಅಲ್ಲೇ ನಿಂತು, ಕಾರಣವಿಲ್ಲದೆ ಕೆಳಗಿಳಿಯುತ್ತಿದ್ದರೆ ಅದನ್ನು ಸ್ವಭಾವ ಎನ್ನಲಾಗದು. ಕುಂಬಳೆಯ ಬಳಿಯ ನಮ್ಮ ಮನೆಯಲ್ಲಿ ಆಟಿಯ ಮಳೆ ಹಿಡಿದ ಮೇಲೆ ನನ್ನ ಕೌಂಟರು ಮಾಡತೊಡಗಿದ್ದು ಇದನ್ನೇ.

ನನ್ನದು 5 ವೋಲ್ಟಿನಲ್ಲಿ ನಡೆಯುವ, ಚೀನಾದಲ್ಲಿ ತಯಾರಾದ ಸಾಮಾನ್ಯ ಕಿಟ್. ವಿಕಿರಣದ ಕಣಗಳನ್ನು ಗುರುತಿಸಲು ಅದರಲ್ಲಿ ಜೆ305 ಎಂಬ ಗಾಜಿನ ಟ್ಯೂಬ್ ಇದೆ. ಇಂತಹ ತೊಂದರೆಗೆ ಬಲ್ಲವರು ಮೂರು ಮದ್ದುಗಳನ್ನು ಹೇಳುತ್ತಾರೆ: ಟ್ಯೂಬ್ ಬದಲಿಸುವುದು, ಕರೆಂಟಿನ ಮೂಲ ಬದಲಿಸುವುದು, 5 ವೋಲ್ಟನ್ನು ಟ್ಯೂಬಿಗೆ ಬೇಕಾದ 400 ವೋಲ್ಟಿಗೆ ಏರಿಸುವ ಹೈ ವೋಲ್ಟೇಜ್ ಭಾಗವನ್ನು ತೊಳೆದು ಒಣಗಿಸುವುದು. ಮೂರನ್ನೂ ಒಂದೇ ಮೇಜಿನ ಮೇಲೆ, ಒಂದು ಸಲಕ್ಕೆ ಒಂದನ್ನಷ್ಟೇ ಬದಲಿಸುತ್ತ ಪರೀಕ್ಷಿಸಿ ನೋಡಿದೆ.

ಯಾವುದಕ್ಕೂ ಮೊದಲು ಕಾಸು ಖರ್ಚಿಲ್ಲದ ಒಂದು ಪರೀಕ್ಷೆಯಿದೆ. ಕೌಂಟರನ್ನು ಆಫ್ ಮಾಡಿ, ಕೆಪಾಸಿಟರಿನಲ್ಲಿ ಉಳಿದಿರುವ 400 ವೋಲ್ಟ್ ಇಳಿದುಹೋಗುವಷ್ಟು ಹೊತ್ತು ಕಾದು, ಟ್ಯೂಬನ್ನು ಕ್ಲಿಪ್ಪಿನಿಂದ ಬಿಡಿಸಿ ತೆಗೆದಿಡಬೇಕು. ಆಮೇಲೆ ಕೌಂಟರನ್ನು ಮತ್ತೆ ಆನ್ ಮಾಡಬೇಕು. ಆಗ ಎಣಿಕೆ ಸೊನ್ನೆಯಲ್ಲೇ ನಿಂತರೆ ಟ್ಯೂಬನ್ನು ಸಂಶಯಿಸಬಹುದು. ಟ್ಯೂಬೇ ಇಲ್ಲದೆಯೂ ಎಣಿಕೆ ಬರುತ್ತಿದ್ದರೆ ಅದು ವಿಕಿರಣವಲ್ಲ, ಟ್ಯೂಬಿನ ದೋಷವೂ ಅಲ್ಲ. ನನ್ನ ಕೌಂಟರು ಟ್ಯೂಬಿಲ್ಲದೆಯೂ ಎಣಿಸುತ್ತಿತ್ತು.

ಹಾಗಿದ್ದರೂ ಹೋಲಿಕೆ ಪೂರ್ತಿಯಾಗಲಿ ಎಂದು ಸೋವಿಯತ್ ಕಾಲದ ಎಸ್‌ಬಿಎಂ-20 ಟ್ಯೂಬನ್ನೂ ಹಾಕಿ ನೋಡಿದೆ. ತೆಳು ಉಕ್ಕಿನ ಕವಚದ ಈ ಟ್ಯೂಬ್ ಕೂಡ 400 ವೋಲ್ಟಿನ ಆಸುಪಾಸಿನಲ್ಲೇ ಕೆಲಸ ಮಾಡುವುದರಿಂದ ಅದೇ ಬೋರ್ಡಿಗೆ ಒಗ್ಗುತ್ತದೆ. ಮಳೆಯ ದಿನಗಳ ಹಾರಾಟ ಇದರಿಂದ ಎಳ್ಳಷ್ಟೂ ತಗ್ಗಲಿಲ್ಲ. ಒಂದೇ ಒಂದು ಲಾಭ ಕಂಡಿತು: ಗಾಜಿನ ಟ್ಯೂಬಿನ ಮೇಲೆ ಕಿಟಕಿಯ ಬಿಸಿಲು ನೇರವಾಗಿ ಬಿದ್ದಾಗ ಎಣಿಕೆ ಏರುತ್ತಿತ್ತು, ಉಕ್ಕಿನದಕ್ಕೆ ಆ ಚಾಳಿಯಿಲ್ಲ. ಆದರೆ ಗಾಜಿನ ಟ್ಯೂಬಿಗೆ ಒಂದು ಸುತ್ತು ಕಪ್ಪು ಕಾಗದ ಸುತ್ತಿದರೂ ಅಷ್ಟೇ ಫಲ ಸಿಗುತ್ತದೆ. ಮೂರರಲ್ಲಿ ಅತಿ ದುಬಾರಿಯಾದ ಮದ್ದು ಇದು. ಜನ ಮೊದಲು ಕೈ ಹಾಕುವುದೂ ಇದಕ್ಕೇ.

ಕರೆಂಟಿನ ಮೂಲದ ವಿಷಯದಲ್ಲಿ ವ್ಯತ್ಯಾಸ ಕಣ್ಣಿಗೆ ಕಾಣುವಷ್ಟಿತ್ತು. ಮೊಬೈಲಿನ ಅಗ್ಗದ ಚಾರ್ಜರಿಗೆ ಜೋಡಿಸಿದಾಗ, ಟ್ಯೂಬ್ ತೆಗೆದಿಟ್ಟಿದ್ದರೂ ಆಗೊಮ್ಮೆ ಈಗೊಮ್ಮೆ ಟಿಕ್ ಟಿಕ್ ಕೇಳುತ್ತಿತ್ತು. ಕರೆಂಟು ಹೋಗಿ ಮನೆಯ ಇನ್ವರ್ಟರ್ ಶುರುವಾದೊಡನೆ ಆ ಸದ್ದು ಹೆಚ್ಚುತ್ತಿತ್ತು. ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟು ಹೋಗುವುದಕ್ಕೆ ಹೊತ್ತುಗೊತ್ತಿಲ್ಲವಾದ್ದರಿಂದ ದಿನವಿಡೀ ದಾಖಲಿಸಿದ ಅಂಕೆಗಳಲ್ಲಿ ಅರ್ಧದಷ್ಟನ್ನು ನಂಬುವಂತಿರಲಿಲ್ಲ. ಪವರ್ ಬ್ಯಾಂಕಿನ ಕರೆಂಟು ಇದಕ್ಕಿಂತ ಶುದ್ಧವಾಗಿದ್ದರೂ ಅದರದು ಬೇರೆಯೇ ತಂಟೆ: ಕೌಂಟರು ಎಳೆಯುವ ಕರೆಂಟು ತೀರ ಕಡಿಮೆಯಾದ್ದರಿಂದ, ಏನೂ ಜೋಡಿಸಿಲ್ಲವೆಂದು ಭಾವಿಸಿ ಅದು ತಾನಾಗಿಯೇ ಆಫ್ ಆಗುತ್ತದೆ. ಕೊನೆಗೆ ನಾಲ್ಕು ರೀಚಾರ್ಜ್ ಸೆಲ್ಲುಗಳನ್ನು ಸಾಲಾಗಿ ಜೋಡಿಸಿ 4.8 ವೋಲ್ಟಿನಲ್ಲಿ ನಡೆಸಿದೆ. ಒಣ ಹವೆಯ ದಿನ, ಟ್ಯೂಬಿಲ್ಲದೆ, ಎಣಿಕೆ ಸೊನ್ನೆಗೆ ಬಂದು ನಿಂತದ್ದು ಆಗಲೇ. ಆದರೆ ಜಡಿಮಳೆಯ ಬೆಳಗುಗಳಲ್ಲಿ ಸೆಲ್ಲಿನಲ್ಲಿ ನಡೆಸಿದರೂ ಹಳೆಯ ಹಾರಾಟ ಮರಳುತ್ತಿತ್ತು.

ಅಲ್ಲಿಗೆ ತೇವವೇ ಮುಖ್ಯ ಕಾರಣವೆಂದು ಖಚಿತವಾಯಿತು. ಟ್ಯೂಬಿಗೆ 400 ವೋಲ್ಟ್ ಹೋಗುವುದು ಹಲವು ಮೆಗಾಓಮಿನ ರೆಸಿಸ್ಟರಿನ ಮೂಲಕ; ಅಷ್ಟು ದೊಡ್ಡ ತಡೆಯ ಪಕ್ಕದಲ್ಲಿ ಬೋರ್ಡಿನ ಮೇಲ್ಮೈಯಲ್ಲಿ ತೇವದ ಎಳೆಯಷ್ಟು ದಾರಿ ಸಿಕ್ಕಿದರೂ ಕರೆಂಟು ಅಲ್ಲಿ ಸೋರುತ್ತದೆ, ಆ ಸೋರಿಕೆಯ ಒಂದೊಂದು ಬಿಕ್ಕಳಿಕೆಯನ್ನೂ ಯಂತ್ರ ಎಣಿಕೆಯೆಂದೇ ತಿಳಿಯುತ್ತದೆ. ಭೂತಗನ್ನಡಿ ಹಿಡಿದು ನೋಡಿದರೆ ಎರಡು ಸಂಗತಿ ಕಂಡವು. ರೆಸಿಸ್ಟರಿನ ಕಾಲುಗಳ ನಡುವೆ ಫ್ಲಕ್ಸ್, ಅಂದರೆ ಬೆಸುಗೆ ಹಿಡಿಯಲೆಂದು ಬಳಸುವ ಅಂಟು, ಕಂದುಬಣ್ಣದಲ್ಲಿ ಹರಡಿ, ಮಳೆಗಾಲದ ಉಪ್ಪಿನ ಭರಣಿಯಂತೆ ಪಸೆಯೊಡೆದಿತ್ತು. ಕಡಲ ಗಾಳಿಗೆ ಒಡ್ಡಿದ ಹಿತ್ತಾಳೆಯ ಕ್ಲಿಪ್ಪಿನ ಒಳಬದಿಯಲ್ಲಿ ಹಸುರು ಕಿಲುಬು ಕಟ್ಟಿ ಟ್ಯೂಬ್ ಸಡಿಲವಾಗಿತ್ತು. ಪೆನ್ಸಿಲಿನಿಂದ ಮೆಲ್ಲನೆ ತಟ್ಟಿದರೆ ಎಣಿಕೆ ಜಿಗಿಯುತ್ತಿತ್ತು.

ಒಣಗಿಸುವುದರಲ್ಲೂ ಹೆಚ್ಚುಕಡಿಮೆಯಿದೆ. ಅಕ್ಕಿಯಲ್ಲಿ ಹೂತಿಡುವ ಉಪಾಯದಿಂದ ಬೋರ್ಡಿಗೆ ಅಕ್ಕಿಯ ಹುಡಿ ಮೆತ್ತುವುದರ ಹೊರತು ಬೇರೇನೂ ಆಗುವುದಿಲ್ಲ. ಮರದ ಪೆಟ್ಟಿಗೆಯಲ್ಲಿ ಹಳೆಯ 40 ವಾಟಿನ ತಂತಿಬಲ್ಬ್ ಉರಿಸಿ ಅದರ ಬಿಸಿಗೆ ಇಟ್ಟರೆ ಹಾರಾಟ ಪೂರ್ಣವಾಗಿ ನಿಲ್ಲುತ್ತದೆ, ಆದರೆ ಹೊರಗೆ ತೆಗೆದ ಬಳಿಕ ತೇವ ಮತ್ತೆ ಸೇರುವವರೆಗೆ ಮಾತ್ರ. ನಿಂತ ಗುಣ ಕಂಡದ್ದು ತೊಳೆಯುವುದರಿಂದ: ಟ್ಯೂಬ್ ತೆಗೆದು, ಐಸೋಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿದ ಹಲ್ಲುಜ್ಜುವ ಬ್ರಷ್ಷಿನಿಂದ ಫ್ಲಕ್ಸನ್ನು ಪೂರ್ತಿ ಉಜ್ಜಿ ತೆಗೆದು, ಬಲ್ಬಿನ ಪೆಟ್ಟಿಗೆಯಲ್ಲಿ ಒಣಗಿಸಿ, ಮೋಟಾರು ವೈಂಡಿಂಗ್ ಅಂಗಡಿಯಲ್ಲಿ ಸಿಗುವ ವಾರ್ನಿಷನ್ನು ಹೈ ವೋಲ್ಟೇಜ್ ಭಾಗಕ್ಕೆ ತೆಳುವಾಗಿ ಹಚ್ಚಿದೆ. ಕ್ಲಿಪ್ಪಿಗೆ ವಾರ್ನಿಷ್ ತಗಲಬಾರದು. ಅದನ್ನು ನಯವಾದ ಎಮರಿ ಕಾಗದದಿಂದ ಉಜ್ಜಿ, ಸ್ವಲ್ಪ ಒತ್ತಿ ಬಿಗಿ ಮಾಡಿದರೆ ಸಾಕು. ಟ್ಯೂಬಿನ ತುದಿಗೆ ನೇರವಾಗಿ ಬೆಸುಗೆ ಹಾಕುವ ಗೋಜಿಗೆ ಹೋಗಬಾರದು, ಬಿಸಿಗೆ ಅದರ ಸೀಲ್ ಬಿರಿಯಬಹುದು. ಆಮೇಲೆ ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಮುಚ್ಚಿದ ಡಬ್ಬಿಯಲ್ಲಿಟ್ಟು ಸೆಲ್ಲಿನಿಂದಲೇ ನಡೆಸುತ್ತಿದ್ದೇನೆ.

ತೊಳೆದ ಮೇಲೆ ವೋಲ್ಟೇಜನ್ನೂ ಒಮ್ಮೆ ಅಳೆಯುವುದು ಲೇಸು, ಏಕೆಂದರೆ ಅದು ಮಿತಿ ಮೀರಿದರೂ ಸುಳ್ಳು ಎಣಿಕೆ ಬರುತ್ತದೆ. ಸಾಮಾನ್ಯ ಮಲ್ಟಿಮೀಟರಿನ ಒಳತಡೆ 10 ಮೆಗಾಓಮ್ ಆದುದರಿಂದ ನೇರವಾಗಿ ಹಿಡಿದರೆ ಆ ಹೊರೆಗೇ ವೋಲ್ಟೇಜ್ ಕುಸಿದು ತಪ್ಪು ಅಂಕೆ ಸಿಗುತ್ತದೆ. ಅದನ್ನು ನಂಬಿ, ವೋಲ್ಟೇಜ್ ಏರಿಸುವ ಬೋರ್ಡಿನ ತಿರುಪು ತಿರುಗಿಸಿದರೆ ಟ್ಯೂಬ್ ಹಾಳಾದೀತು. 100 ಮೆಗಾಓಮಿನ ಹತ್ತು ರೆಸಿಸ್ಟರುಗಳನ್ನು ಸಾಲಾಗಿ ಜೋಡಿಸಿ ಅವುಗಳ ಮೂಲಕ ಅಳೆದರೆ ಮೀಟರು 101ರಲ್ಲಿ ಒಂದು ಪಾಲನ್ನು ತೋರಿಸುತ್ತದೆ, 400 ವೋಲ್ಟಿಗೆ 3.96.

ಯಾವ ಮದ್ದು ಎಷ್ಟು ಹಿಡಿಯಿತೆಂದು ಅಳೆಯಲು ತೋಟಕ್ಕೆ ಹಾಕುವ ಪೊಟ್ಯಾಷ್ ಗೊಬ್ಬರ ಒಳ್ಳೆಯ ಸಾಧನ. ನಿಸರ್ಗದ ಪೊಟ್ಯಾಸಿಯಮ್ಮಿನಲ್ಲಿ 0.0117 ಶೇಕಡಾ ವಿಕಿರಣಶೀಲ ಪೊಟ್ಯಾಸಿಯಮ್-40 ಇದೆ. ಒಂದು ಗ್ರಾಂ ಪೊಟ್ಯಾಸಿಯಮ್ಮಿನಲ್ಲಿ ಸೆಕೆಂಡಿಗೆ ಸುಮಾರು 31 ಪರಮಾಣುಗಳು ಒಡೆಯುತ್ತವೆ. ತೆಳು ಪ್ಲಾಸ್ಟಿಕ್ಕಿನಲ್ಲಿ ಕಟ್ಟಿದ ಒಂದು ಕಿಲೋ ಗೊಬ್ಬರವನ್ನು ಟ್ಯೂಬಿಗೆ ತಾಗಿಸಿಟ್ಟು ಹತ್ತು ನಿಮಿಷ ಎಣಿಸಿದರೆ ಗೊಬ್ಬರವಿಲ್ಲದಾಗಿನ ಹಿನ್ನೆಲೆ ಎಣಿಕೆಗಿಂತ ಏರಿಕೆ ಸ್ಪಷ್ಟವಾಗಿ ಕಾಣಬೇಕು. ಹೊಸ ಟ್ಯೂಬ್ ಹಾಕಿದ್ದಾಗಲೂ ಆ ಏರಿಕೆ ಹಾರಾಟದಲ್ಲಿ ಮುಳುಗಿಹೋಗಿತ್ತು. ತೊಳೆದ ಬೋರ್ಡಿನಲ್ಲಿ ಹಳೆಯ ಗಾಜಿನ ಟ್ಯೂಬೇ ಅದನ್ನು ಸಲೀಸಾಗಿ ತೋರಿಸಿತು.

ಇಷ್ಟಾದ ಮೇಲೂ ಮಳೆಯೊಂದಿಗೆ ಬರುವ ಒಂದು ಏರಿಕೆ ಉಳಿಯುತ್ತದೆ, ಅದು ದೋಷವಲ್ಲ. ನೆಲದಿಂದ ಹೊರಟ ವಿಕಿರಣಶೀಲ ರೇಡಾನ್ ಅನಿಲ ಒಡೆದು ಹುಟ್ಟಿದ ಸಂತತಿಯಾದ ಸೀಸ-214 ಮತ್ತು ಬಿಸ್ಮತ್-214ನ್ನು ಮಳೆ ಗಾಳಿಯಿಂದ ತೊಳೆದು ಕೆಳಗಿಳಿಸುತ್ತದೆ. ಅವುಗಳ ಅರ್ಧಾಯುಷ್ಯ, ಅಂದರೆ ಅರ್ಧದಷ್ಟು ಒಡೆದುಹೋಗಲು ಬೇಕಾದ ಹೊತ್ತು, ಕ್ರಮವಾಗಿ ಸುಮಾರು 27 ಮತ್ತು 20 ನಿಮಿಷ. ಕಡಲ ಮೇಲಿಂದ ಬರುವ ಮುಂಗಾರಿನ ಗಾಳಿಯಲ್ಲಿ ರೇಡಾನ್ ಕಡಿಮೆ, ನೆಲದ ಮೇಲಿಂದ ಬರುವ ಗಾಳಿಯಲ್ಲಿ ಹೆಚ್ಚು. ಆದುದರಿಂದ ಹಿಂಗಾರಿನ ಗುಡುಗುಮಳೆಯಲ್ಲಿ ಇದನ್ನು ಹೆಚ್ಚಾಗಿ ನಿರೀಕ್ಷಿಸಬಹುದು. ಸಂಶಯವಿದ್ದರೆ, ಮಳೆ ಬಿದ್ದೊಡನೆ ಕಾರಿನ ಮೇಲ್ಭಾಗವನ್ನು ಕಾಗದದ ಕರವಸ್ತ್ರದಿಂದ ಒರೆಸಿ, ತೇವ ಬೋರ್ಡಿಗೆ ತಾಗದಂತೆ ತೆಳು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಟ್ಯೂಬಿನ ಪಕ್ಕದಲ್ಲಿಡಬೇಕು. ಹೆಚ್ಚಾದ ಎಣಿಕೆ ಸುಮಾರು ಅರ್ಧ ಗಂಟೆಗೊಮ್ಮೆ ಅರ್ಧಕ್ಕಿಳಿಯುತ್ತ ಬಂದರೆ ಅದು ರೇಡಾನಿನದು. ಹಾಗೆ ಇಳಿಯದೆ ಮನಬಂದಂತೆ ಜಿಗಿದರೆ ಬ್ರಷ್ಷನ್ನೂ ಆಲ್ಕೋಹಾಲನ್ನೂ ಮತ್ತೆ ಹೊರತೆಗೆಯಬೇಕು.